ಸಿಂಗಾಪುರದ ಸುಳ್ಳು

ಮುಂಬೈ ಪಕ್ಕದ ಡೊಂಬಿವಲಿಯಿಂದ ಬಂದ ಈ ಪತ್ರ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಬರೆದವರು ಪರಿಹಾರ ಸಂಸ್ಥೆಯೊಂದರಲ್ಲಿ ಒಂಬತ್ತು ವರ್ಷದಿಂದ ಇದ್ದಾರೆ. ಈಗ ದಕ್ಷಿಣ ಸುಡಾನ್‌ನ ರೆಂಕ್‌ನಲ್ಲಿ ಕೆಲಸ. 2023ರ ಏಪ್ರಿಲ್‌ನಲ್ಲಿ ಶುರುವಾದ ಸುಡಾನ್ ಯುದ್ಧದಿಂದ ಗಡಿ ದಾಟಿ ಬಂದವರಿಗೆ, ದಾರಿಯಲ್ಲಿ ಕೈತಪ್ಪಿದ ಮಕ್ಕಳನ್ನು, ಗಂಡಂದಿರನ್ನು ಹುಡುಕಿಕೊಡುತ್ತಾರೆ. ರಜೆಗೆ ಮನೆಗೆ ಬಂದಿದ್ದಾರೆ. ಅಷ್ಟರಲ್ಲಿ, ಮರ್ಚೆಂಟ್ ನೇವಿಯಲ್ಲಿರುವ ತಮ್ಮನ ಹಡಗು, ಕ್ಷಿಪಣಿ ದಾಳಿಯ ಭಯವಿರುವ ಕೆಂಪು ಸಮುದ್ರದ ದಾರಿ ಹಿಡಿದಿದೆ. 'ಊರವರ ಮಕ್ಕಳನ್ನು ಹುಡುಕಿದ್ದು ಸಾಕು, ಕೆಲಸ ಬಿಟ್ಟು ಅಮ್ಮನ ಜೊತೆ ಇರು' ಎನ್ನುತ್ತಾನಂತೆ ಅಣ್ಣ. ಭಾನುವಾರ ವಿಮಾನ ಹತ್ತಲಾ, ರಾಜೀನಾಮೆ ಬರೆಯಲಾ ಎಂದು ಕೇಳಿದ್ದಾರೆ.

ಅದು ಆಮೇಲೆ. ನಿಮ್ಮ ಪತ್ರದ ಮೂರನೇ ಪುಟದಲ್ಲಿ, ಬ್ರಾಕೆಟ್ಟಿನೊಳಗೆ ಒಂದು ಸಾಲಿದೆ: 'ಅಮ್ಮನಿಗೆ ಬಿಪಿ, ಅದಕ್ಕೇ ಹಡಗು ಸಿಂಗಾಪುರದ ಕಡೆ ಇದೆ ಎಂದಿದ್ದೇವೆ.' ಅಲ್ಲ ತಂಗಿ, ಇದು ಬ್ರಾಕೆಟ್ಟಿನಲ್ಲಿ ಹಾಕುವ ಮಾತಾ?

ರೆಂಕ್‌ನಲ್ಲಿ ನಿಮ್ಮ ಎದುರು ಬಂದು ಕೂರುವ ತಾಯಿಗೆ ಸಿಂಗಾಪುರದ ಕಥೆ ಹೇಳುತ್ತೀರಾ? ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎನ್ನುತ್ತೀರಿ. ತಮ್ಮವರಿಗೆ ಏನಾಯಿತೆಂದು ತಿಳಿಯುವ ಹಕ್ಕು ಮನೆಯವರಿಗಿದೆ ಎಂದು ಯುದ್ಧಕಾಲದ ನಿಯಮಗಳಾದ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೊಕಾಲ್‌ನ 32ನೇ ವಿಧಿ ಹೇಳುತ್ತದೆ. ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ನೀವು ಉಣ್ಣುತ್ತಿರುವುದು ಅದರ ಅನ್ನ. ಆ ಹಕ್ಕು ಡೊಂಬಿವಲಿಯ ಎರಡನೇ ಮಹಡಿ ಹತ್ತುವುದಿಲ್ಲವಾ?

ನನಗೆ ಕಂಡದ್ದು ಇದು. ಸುಳ್ಳಿಗೆ ಮನೆಯಲ್ಲೊಬ್ಬರು ಕಾವಲು ಬೇಕು. ನ್ಯೂಸ್ ಬಂದರೆ ಟಿವಿ ಆರಿಸಬೇಕು, ಅಮ್ಮನಿಗಿಂತ ಮೊದಲು ಫೋನ್ ಎತ್ತಬೇಕು. ಆ ಡ್ಯೂಟಿ ನಿಮ್ಮ ತಲೆಗೆ ಕಟ್ಟಿದ್ದಾರೆ. ಕಟ್ಟಿದ ಅಣ್ಣ ಮಹಾರಾಯ ಒಂದೇ ಸ್ಟೇಷನ್ ಆಚೆ, ಥಾಕುರ್ಲಿಯಲ್ಲಿ ಹಾಯಾಗಿದ್ದಾನೆ. ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಅಮ್ಮನಿಗೆ ಏನಾದರೂ ಆದರೆ ಮೊದಲು ಹೋಗುವುದು ಮಗಳ ಸಂಬಳ.

ಅಣ್ಣನಿಗೆ ಅಷ್ಟು ಚಿಂತೆಯಿದ್ದರೆ ಸ್ಲೋ ಲೋಕಲ್ ಹಿಡಿದು ಕಾಂಜೂರ್‌ಮಾರ್ಗ್‌ನ ಡಿಜಿ ಶಿಪ್ಪಿಂಗ್ ಕಚೇರಿಗೆ, ಅಂದರೆ ಹಡಗುಗಳ ವಿಷಯ ನೋಡುವ ಸರ್ಕಾರಿ ಕಚೇರಿಗೆ ಹೋಗಲಿ. ಯುದ್ಧದ ನೀರಿಗೆ ಬರುವುದಿಲ್ಲ ಎನ್ನುವ ಹಕ್ಕು ಯೂನಿಯನ್ ಒಪ್ಪಂದವಿರುವ ಎಷ್ಟೋ ಹಡಗುಗಳಲ್ಲಿದೆ. ತಮ್ಮನ ಕರಾರಿನಲ್ಲಿ ಇದೆಯಾ ಎಂದು ವಿಚಾರಿಸಲಿ.

ಅಪಾಯ ಸಣ್ಣದಲ್ಲ. 2024ರ ಮಾರ್ಚ್‌ನಲ್ಲಿ, ಕೆಂಪು ಸಮುದ್ರದ ಬಾಯಲ್ಲೇ ಇರುವ ಏಡನ್ ಕೊಲ್ಲಿಯಲ್ಲಿ 'ಟ್ರೂ ಕಾನ್ಫಿಡೆನ್ಸ್' ಹಡಗಿಗೆ ಯೆಮನ್‌ನ ಹೂತಿ ಬಂಡುಕೋರರ ಕ್ಷಿಪಣಿ ಬಿದ್ದು ಮೂವರು ಸತ್ತರು. ಉಳಿದವರನ್ನು ಕಾಪಾಡಿದ್ದು ನಮ್ಮ ಐಎನ್‌ಎಸ್ ಕೋಲ್ಕತಾ. ಇಂಥದ್ದು ಬಚ್ಚಿಟ್ಟರೆ ನಿಲ್ಲುತ್ತದಾ? ಹಡಗು ಎಲ್ಲಿದೆ ಎಂದು ತೋರಿಸುವ ಆ್ಯಪ್ ಪಕ್ಕದ ಮನೆ ಹುಡುಗನ ಮೊಬೈಲಿನಲ್ಲೂ ಇರುತ್ತದೆ. ಅಮ್ಮನಿಗೆ ಲಿಫ್ಟಿನಲ್ಲಿ ಯಾರೋ ಹೇಳಿ ಗೊತ್ತಾಗುವುದು ಬೇಡ.

ಶನಿವಾರ ಅಣ್ಣನನ್ನು ಕರೆಸಿ, ಅಮ್ಮನ ಎದುರೇ ಕೂರಿಸಿ. ಹಡಗು ಯಾವ ಕಡೆ ಹೊರಟಿದೆ, ತಮ್ಮನ ಫೋನ್ ಇನ್ನು ಯಾವಾಗ ಬರಬಹುದು, ಎಲ್ಲ ಹೇಳಿ. ಬಿಪಿ ಮಾತ್ರೆ ಕೊಟ್ಟೇ ಹೇಳಿ. ರಾಜೀನಾಮೆ ಮಾತ್ರ ಈಗ ಬರೆಯಬೇಡಿ. ಎಲ್ಲ ಕೇಳಿದ ಮೇಲೂ ಅಮ್ಮನೇ 'ನಾಲ್ಕು ದಿನ ಇರು ಮಗಾ' ಎಂದರೆ ಟಿಕೆಟ್ ಮುಂದೂಡಿ. ಅಣ್ಣ ಹೇಳಿದ ಅಂತ ಬೇಡ.