ಮನೆಯ ಕಾಗದ, ಮನೆಯವರ ಮತ

ಕುಮಟಾದಿಂದ ಪತ್ರ ಬರೆದ ನಿವೃತ್ತ ಮಾಸ್ತರರಿಗೆ ನಮಸ್ಕಾರ.

ನಿಮ್ಮ ಪತ್ರ ದೀರ್ಘವಾಗಿದೆ, ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರ ತಿರುಳನ್ನು ಹೇಳಿಬಿಡುತ್ತೇನೆ. ಸ್ವಂತ ಮನೆ, ತುಸು ಜಮೀನು ಇದ್ದವನು ಊರಿನ ಒಳಿತು ಕೆಡುಕು ನೋಡಿ ಮತ ಹಾಕುತ್ತಾನೆ, ಮತಗಟ್ಟೆಗೂ ಅವನೇ ಹೆಚ್ಚು ಜವಾಬ್ದಾರಿಯಿಂದ ಬರುತ್ತಾನೆ. ಬಾಡಿಗೆಯವನಿಗೆ, ಅತಿಕ್ರಮಣದ ಜಾಗದಲ್ಲಿ ಕೂತವನಿಗೆ ಕಳೆದುಕೊಳ್ಳುವುದೇನೂ ಇಲ್ಲ, ಹಾಗಾಗಿ ಕೈಗೆ ಕೊಟ್ಟವನ ಹಿಂದೆ ಹೋಗುತ್ತಾನೆ ಎಂಬುದು ನಿಮ್ಮ ವಾದ. ಇಂಗ್ಲೆಂಡಿನಲ್ಲಿ ಸರ್ಕಾರಿ ಬಾಡಿಗೆ ಮನೆಗಳನ್ನು ಬಾಡಿಗೆದಾರರಿಗೇ ಮಾರಿದ ಮೇಲೆ ಕಾರ್ಮಿಕರ ಮತ ಪಕ್ಷ ಬದಲಿಸಿತು ಎಂಬ ಉದಾಹರಣೆಯನ್ನೂ ಕೊಟ್ಟಿದ್ದೀರಿ. ಕೊನೆಯಲ್ಲಿ ಒಂದು ಪ್ರಶ್ನೆ: ನಿಮ್ಮ ಹಿತ್ತಿಲ ಬಿಡಾರದಲ್ಲಿರುವ ಕೊಪ್ಪಳ ಕಡೆಯ ಗಾರೆ ಕೆಲಸದ ಕುಟುಂಬ ಕುಮಟಾದ ಮತದಾರರ ಪಟ್ಟಿಗೆ ಸೇರಬಹುದೇ, ಸೇರಿದರೆ ನಾಳೆ ಮನೆಯ ಮೇಲೆ ಹಕ್ಕು ಹೇಳೀತೇ?

ಮಾಸ್ತರೇ, ನಿಮ್ಮ ಮೊದಲ ಮಾತು ಒಂದು ಕಾಲದಲ್ಲಿ ಈ ದೇಶದ ಕಾನೂನೇ ಆಗಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ, 1935ರ ಕಾಯ್ದೆಯ ಪ್ರಕಾರ, ಮತ ಸಿಗುತ್ತಿದ್ದುದು ಬಹುಮಟ್ಟಿಗೆ ಆಸ್ತಿ, ತೆರಿಗೆ ಇಲ್ಲವೇ ಓದಿನ ಅರ್ಹತೆ ಇದ್ದವರಿಗೆ. ಗೇಣಿ ಮಾಡುವ ಬಡವ, ಅವನ ಹೆಂಡತಿ, ಬಲೆ ಎಳೆಯುವವನು ಹೆಚ್ಚಾಗಿ ಹೊರಗೇ ಉಳಿದಿದ್ದರು. ಅವರೆಲ್ಲ ಸಾಲಿನಲ್ಲಿ ನಿಂತದ್ದು 1951-52ರ ಮೊದಲ ಮಹಾಚುನಾವಣೆಯಲ್ಲಿ. ಆಸ್ತಿ ಇದ್ದವನಿಗೆ ಮಾತ್ರ ವಿವೇಕವಿರುತ್ತದೆ ಎಂಬ ನಂಬಿಕೆಯನ್ನು ಸಂವಿಧಾನ ಅಂದೇ ಕೈಬಿಟ್ಟಿತು. ಆಸ್ತಿ ಇದ್ದವನು ಸದಾ ತನ್ನದನ್ನು ಕಾಯುತ್ತ ಕೂರುತ್ತಾನೆ ಎಂಬುದೂ ನಮ್ಮ ಜಿಲ್ಲೆಯ ಮಟ್ಟಿಗೆ ಪೂರ್ತಿ ನಿಜವಲ್ಲ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಅಂಕೋಲಾ, ಸಿದ್ದಾಪುರದ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರು ಜಮೀನು ಇದ್ದವರೇ.

ಇಂಗ್ಲೆಂಡಿನ ಉದಾಹರಣೆ ಅರ್ಧ ಸರಿ. 1980ರ ವಸತಿ ಕಾಯ್ದೆ ಅಲ್ಲಿಯ ಬಾಡಿಗೆದಾರರಿಗೆ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ರಿಯಾಯಿತಿ ಕೊಟ್ಟಿತು. ಆ ದಶಕ ಮುಗಿಯುವಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಮಾರಾಟವಾದವು. ಆಗಿನ ಪ್ರಧಾನಿ ಥ್ಯಾಚರ್ ಅವರ ಪಕ್ಷಕ್ಕೆ ಇದರಿಂದ ಲಾಭವಾಯಿತೆಂಬ ಮಾತು ಎಲ್ಲ ಕಡೆ ಹಬ್ಬಿತು. ಆದರೆ ಕೊಂಡವರಲ್ಲಿ ಬಹಳಷ್ಟು ಜನ ಕೊಳ್ಳುವ ಮೊದಲೇ ಆ ಕಡೆ ವಾಲಿದ್ದರು ಎಂದು ಆಮೇಲೆ ಲೆಕ್ಕ ಹಾಕಿದವರು ಹೇಳಿದರು.

ನಮಗೆ ಹೆಚ್ಚು ಹತ್ತಿರವಾದದ್ದು ಮುಂಬಯಿಯದು. ಅಲ್ಲಿ ಮಹಾರಾಷ್ಟ್ರ ಸರ್ಕಾರದ ವಸತಿ ಸಂಸ್ಥೆಯಾದ ಮ್ಹಾಡಾ ಕಡಿಮೆ ಬೆಲೆಯ ಮನೆಗಳನ್ನು ಲಾಟರಿ ಎತ್ತಿ ಹಂಚುತ್ತದೆ. ಗೆದ್ದವರು, ಸೋತವರು ಒಂದೇ ತರಹದ ಜನ, ನಡುವೆ ಇರುವುದು ಅದೃಷ್ಟ ಮಾತ್ರ. ತನು ಕುಮಾರ್ ಎಂಬ ಸಂಶೋಧಕಿ ಎರಡೂ ಗುಂಪನ್ನು ಮಾತಾಡಿಸಿದರು. ಮನೆ ಸಿಕ್ಕವರು ವಾರ್ಡಿನ ಸಭೆಗೆ ಹೆಚ್ಚು ಹೋಗುತ್ತಿದ್ದರು, ಸ್ಥಳೀಯ ತೊಂದರೆಗಳ ಬಗ್ಗೆ ದೂರು ಕೊಡುತ್ತಿದ್ದರು, ಸ್ಥಳೀಯ ರಾಜಕೀಯ ಹೆಚ್ಚು ತಿಳಿದಿದ್ದರು. ಮನೆ ಸಿಕ್ಕವನಿಗೆ ಮಾತನಾಡುವ ಧೈರ್ಯ ಬರುತ್ತದೆ ಎಂಬಷ್ಟನ್ನು ನಾನು ಇದರಿಂದ ತೆಗೆದುಕೊಳ್ಳುತ್ತೇನೆ. ಮನೆ ಇಲ್ಲದವನಿಗೆ ವಿವೇಕವಿಲ್ಲ ಎನ್ನುವುದಕ್ಕೆ ಇದರಲ್ಲಿ ಆಧಾರವಿಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಇಲ್ಲಿ ಸ್ವಂತದವರು, ಬಾಡಿಗೆಯವರು ಎಂದು ಎರಡು ಪಾಲು ಮಾಡಿದರೆ ವಿಷಯ ತಿಳಿಯುವುದಿಲ್ಲ. ಜಿಲ್ಲೆಯ ಶೇಕಡಾ 80ರ ಹತ್ತಿರ ಅರಣ್ಯ. ತಾನೇ ಕಟ್ಟಿದ ಮನೆ, ಅಜ್ಜನೇ ನೆಟ್ಟ ತೆಂಗು, ಹೆಸರಿಗೆ ಪಹಣಿ ಇಲ್ಲ ಎಂಬ ಕುಟುಂಬಗಳು ಘಟ್ಟದ ಮೇಲೂ ಕೆಳಗೂ ಸಾವಿರಗಟ್ಟಲೆ ಇವೆ. ಅವರು ಬಾಡಿಗೆಯವರಲ್ಲ, ಸರ್ಕಾರದ ಲೆಕ್ಕದಲ್ಲಿ ಮಾಲೀಕರೂ ಅಲ್ಲ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯಲ್ಲಿ ವರ್ಗದ ಗೆರೆ ಹಾದುಹೋಗುವುದು ಇಲ್ಲಿಯೇ, ಮನೆಗೆ ಕಾಗದ ಇದ್ದವರ ಮತ್ತು ಇಲ್ಲದವರ ನಡುವೆ.

ಅಂಕೋಲಾ ತಾಲೂಕಿನ ಘಟ್ಟದ ಬುಡದ ಒಂದು ಮನೆಯಲ್ಲಿ ಆ ಮನೆಯಾಕೆ ತಗಡಿನ ಟ್ರಂಕು ತೆಗೆದು ತೋರಿಸಿದ್ದನ್ನು ಹೇಳಬೇಕು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಕಾಗದಗಳಿದ್ದವು. ಮಾವನಿಗೆ ಅರಣ್ಯ ಇಲಾಖೆ ಹಾಕಿದ ದಂಡದ ರಸೀದಿ, ಮಡಿಚಿದಲ್ಲೆಲ್ಲ ಹರಿದು ಹಿಂದಿನಿಂದ ಅನ್ನದ ಗಂಜಿಯಲ್ಲಿ ಅಂಟಿಸಿದ್ದು. ಪಂಚಾಯತದ ಮನೆ ತೆರಿಗೆಯ ಚೀಟಿಗಳು. ಕರೆಂಟ್ ಬಿಲ್ಲು. ತೀರಿಹೋದ ಅತ್ತೆಯ ಮತದಾರರ ಚೀಟಿ. ಅತಿಕ್ರಮಣ ಮಾಡಿದ ತಪ್ಪಿಗೆ ಕಟ್ಟಿದ ದಂಡವೇ ಇವತ್ತು ಅವರು ಅಲ್ಲಿದ್ದರು ಎಂಬುದಕ್ಕೆ ಸಾಕ್ಷಿ. 1978ರ ಏಪ್ರಿಲ್ 27ಕ್ಕಿಂತ ಮೊದಲಿನ ಅತಿಕ್ರಮಣವನ್ನು ಸಕ್ರಮ ಮಾಡುವ ಮಾತು ಬಂದಾಗ ಇಂಥ ರಸೀದಿಗಳಿಗೆ ಬೆಲೆ ಬಂತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕಾಯಿತು. ಆ ಕಾಯ್ದೆಯ ನಿಯಮದಲ್ಲಿ ಹೇಳಿದ ಸಾಕ್ಷ್ಯಗಳಲ್ಲಿ ರೇಷನ್ ಕಾರ್ಡು, ಮನೆ ತೆರಿಗೆ ರಸೀದಿಯ ಜೊತೆಗೆ ಮತದಾರರ ಗುರುತಿನ ಚೀಟಿಯೂ ಇದೆ.

ಅತ್ತೆಯ ಚೀಟಿಯನ್ನು ಆಕೆ ಇಟ್ಟುಕೊಂಡದ್ದು ಅದಕ್ಕೇ. ಮತದಾನದ ದಿನ ಕೂಲಿ ಬಿಟ್ಟು ಬೆಳಿಗ್ಗೆಯೇ ಹೋಗುತ್ತೀರಂತಲ್ಲ ಎಂದು ಕೇಳಿದ್ದಕ್ಕೆ, "ಹೆಸ್ರು ಹೋದ್ರೆ ನಾವು ಇಲ್ಲಿದ್ದವ್ರು ಅಂತ ಹೇಳುಕೆ ಯಾರಿದ್ದಾರೆ?" ಅಂದರು. ಮತ ಹಾಕದಿದ್ದರೆ ಹೆಸರು ಪಟ್ಟಿಯಿಂದ ಹೋಗುವುದಿಲ್ಲ, ಕಾನೂನಿನಲ್ಲಿ ಹಾಗೇನೂ ಇಲ್ಲ. ಅದನ್ನು ಅವರಿಗೆ ಹೇಳಿದೆ. ಆದರೂ ಆ ಭಯ ಎಲ್ಲಿಂದ ಬಂತು ಎಂಬುದು ಆ ಚೀಲ ನೋಡಿದವರಿಗೆ ಅರ್ಥವಾಗುತ್ತದೆ. ಕಳೆದುಕೊಳ್ಳಲು ಏನೂ ಇಲ್ಲದವರು ಎಂದು ನೀವು ಬರೆದಿದ್ದೀರಿ, ಮಾಸ್ತರೇ. ಕಳೆದುಕೊಳ್ಳುವ ಭಯ ಇಡೀ ಜಿಲ್ಲೆಯಲ್ಲಿ ಯಾರಿಗಾದರೂ ಹೆಚ್ಚಿದ್ದರೆ ಅದು ಇವರಿಗೆ.

ಅವರ ಮತ ಯಾರಿಗೆ ಹೋಗುತ್ತದೆ ಎಂಬುದನ್ನು ಇಲ್ಲಿಂದ ನೋಡಬೇಕು. ಕಾಗದ ಇಲ್ಲದ ಮನೆಗೆ ಪ್ರತಿಯೊಂದಕ್ಕೂ ಒಬ್ಬ ಮಧ್ಯಸ್ಥ ಬೇಕು. ಹಂಚು ಬದಲಿಸಲು ಹೋದರೆ ಅರಣ್ಯ ಇಲಾಖೆಯ ಗಾರ್ಡು ಬಂದು ನಿಲ್ಲುತ್ತಾನೆ, ಆಗ ಫೋನು ಮಾಡಲು ಒಬ್ಬ ಬೇಕು. ಜಿಪಿಎಸ್ ಸರ್ವೆಯಲ್ಲಿ ಮನೆ ಬಿಟ್ಟುಹೋದರೆ, ಸರ್ಕಾರಿ ಜಾಗದ ಮನೆಯನ್ನು ಸಕ್ರಮ ಮಾಡಲು ಕೊಟ್ಟ 94 ಸಿ ಅರ್ಜಿ ಮೂಲೆಗೆ ಬಿದ್ದರೆ, ವಸತಿ ಯೋಜನೆಯ ಮನೆ ಮಂಜೂರಾದರೂ ಜಾಗದ ದಾಖಲೆ ಇಲ್ಲವೆಂದು ಬಿಲ್ಲು ನಿಂತರೆ, ತಹಶೀಲ್ದಾರ ಕಚೇರಿಗೆ ಜೊತೆಗೆ ಬರುವವನು ಬೇಕು. ಆ ಮನುಷ್ಯ ಯಾವ ಪಕ್ಷದವನೋ ಮತ ಆ ಪಕ್ಷಕ್ಕೆ. ಇದನ್ನು ದುಡ್ಡಿಗೆ ಮಾರಿದ ಮತ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮಗನ ನೌಕರಿಗೆ, ಅಡಿಕೆಯ ದರಕ್ಕೆ ನಾವು ಮತ ಹಾಕಿದರೆ ಅದು ವಿಚಾರ, ಅವರು ತಲೆಯ ಮೇಲಿನ ಸೂರಿಗೆ ಹಾಕಿದರೆ ಆಮಿಷ ಎಂದರೆ ನ್ಯಾಯವಲ್ಲ.

ಶಿರಸಿ, ಸಿದ್ದಾಪುರದ ತೋಟಿಗರಿಗೆ ನಾನು ಹೇಳುವುದು ಕಹಿಯಾಗಬಹುದು, ಆದರೂ ಹೇಳುತ್ತೇನೆ. ಅಡಿಕೆ ತೋಟದ ಜೊತೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಬೇಕಾದ ಸೊಪ್ಪು ತರುವ ಕಾಡಿನ, ಸವಲತ್ತು ಬಂದದ್ದು ಬ್ರಿಟಿಷರ ಕಾಲದಿಂದ. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅದೂ ಸರ್ಕಾರದ್ದೇ ಜಾಗ, ಪಕ್ಕದ ಅತಿಕ್ರಮಣದ ಮನೆ ನಿಂತದ್ದೂ ಸರ್ಕಾರದ್ದೇ ಜಾಗ. ಒಬ್ಬರ ಅಜ್ಜನ ಕಾಲಕ್ಕೆ ಕಾಗದ ಆಯಿತು, ಇನ್ನೊಬ್ಬರ ಅಜ್ಜನಿಗೆ ಆಗಲಿಲ್ಲ. ಕಾಗದ ಇದ್ದವರು ಶಾಸಕರ ಹತ್ತಿರ ರಸ್ತೆ, ಎಲೆಚುಕ್ಕೆ ರೋಗ, ಆಮದು ಅಡಿಕೆಯ ಬಗ್ಗೆ ಮಾತಾಡುತ್ತಾರೆ. ಇಲ್ಲದವರು ತಮ್ಮನ್ನು ಎಬ್ಬಿಸಬೇಡಿ ಎನ್ನುವುದರಲ್ಲೇ ನಿಂತಿದ್ದಾರೆ.

ಕಾಗದ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆ ಒಮ್ಮೆ ಕಂಡಿದೆ. ಕರಾವಳಿಯ ಗೇಣಿದಾರನ ಗುಡಿಸಲು ಒಡೆಯರ ಮಾಲ್ಕಿ ಜಾಗದಲ್ಲಿತ್ತು. ಒಕ್ಕಲೆಬ್ಬಿಸುತ್ತೇನೆ ಎಂಬ ಒಂದು ಮಾತು ಸಾಕಿತ್ತು. ಆ ಭಯದ ನಡುವೆಯೂ ಗೇಣಿದಾರರನ್ನು ಸಂಘಟಿಸಿದ ದಿನಕರ ದೇಸಾಯಿಯವರು 1967ರಲ್ಲಿ ಪಕ್ಷೇತರರಾಗಿ ನಿಂತು ಇಲ್ಲಿಂದ ಲೋಕಸಭೆಗೆ ಗೆದ್ದರು. ಬಳಿಕ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಉಳುವ ಭೂಮಿ ತಮ್ಮ ಹೆಸರಿಗೆ ಆಗಲೆಂದು ಫಾರಂ 7 ತುಂಬಿ ಡಿಕ್ಲರೇಷನ್ ಕೊಟ್ಟರು, ಭೂನ್ಯಾಯ ಮಂಡಳಿಯ ಮುಂದೆ ಒಡೆಯರ ಎದುರೇ ನಿಂತು ಹೇಳಿಕೆ ಕೊಟ್ಟರು. ಕೃಷಿ ಕೂಲಿಗಳು ವಾಸವಿದ್ದ ಮನೆಯ ನೆಲಕ್ಕೂ ಅದೇ ಕಾಯ್ದೆ ಹಕ್ಕು ಕೊಟ್ಟಿತು.

ಮತ ಒಡೆಯರ ಕೈಯಿಂದ ಬಿಡಿಸಿಕೊಂಡಿತು. ಹಾಗೆಂದು ಭೂಮಿ ಕೊಟ್ಟ ಕಾಂಗ್ರೆಸ್ ಪಕ್ಷಕ್ಕೆ ಕಟ್ಟುಬೀಳಲೂ ಇಲ್ಲ. ಈ ಲೋಕಸಭಾ ಕ್ಷೇತ್ರದಲ್ಲಿ 1996ರಿಂದ 2024ರವರೆಗೆ 1999 ಒಂದನ್ನು ಬಿಟ್ಟರೆ ಎಲ್ಲ ಸಾರ್ವತ್ರಿಕ ಚುನಾವಣೆಗಳನ್ನೂ ಗೆದ್ದದ್ದು ಬಿಜೆಪಿ. ಡಿಕ್ಲರೇಷನ್ ಕೊಟ್ಟು ಭೂಮಿ ಪಡೆದವರ ಎಷ್ಟೋ ಮಕ್ಕಳು, ಮೊಮ್ಮಕ್ಕಳು ಇವತ್ತು ಆ ಪಕ್ಷದ ಕಾರ್ಯಕರ್ತರು. ಕಾಂಗ್ರೆಸ್ಸಿನ ಹಿರಿಯರು ಇದನ್ನು ಉಪಕಾರ ಮರೆತದ್ದು ಎಂದು ಬೇಸರಿಸುವುದನ್ನು ಕೇಳಿದ್ದೇನೆ. ನನಗೆ ಅದು ಬೇಸರದ ಸಂಗತಿಯಾಗಿ ಕಾಣುವುದಿಲ್ಲ. ಭೂಮಿ ತನ್ನದಾದವನು ತನಗೆ ಸರಿ ಕಂಡದ್ದಕ್ಕೆ ಮತ ಹಾಕಿದ, ನಮಗೆ ಅದು ಹಿಡಿಸಲಿ ಬಿಡಲಿ. ಈಗ ಹಕ್ಕುಪತ್ರ ಹಂಚಲು ಹಿಂದೆಮುಂದೆ ನೋಡುವ ಎಲ್ಲ ಪಕ್ಷದವರಿಗೂ ಇದು ಗೊತ್ತಿದೆ ಎಂದು ನನ್ನ ಅನುಮಾನ. ಹಕ್ಕುಪತ್ರ ಕೈಗೆ ಬಂದ ಮೇಲೆ ಜನ ನಾಯಕರ ಮನೆ ಬಾಗಿಲಿಗೆ ಬರುವುದು ನಿಲ್ಲುತ್ತದೆ.

ಮನೆಯ ಕಾಗದವೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಜಾತಿ ಇದೆ, ಧರ್ಮ ಇದೆ. 1993ರ ಗಲಭೆಯ ನಂತರ ಭಟ್ಕಳದಲ್ಲಿ ದೊಡ್ಡ ಮನೆಯವರೂ ಗುಡಿಸಲಿನವರೂ ಒಂದೇ ಕಡೆ ಮತ ಹಾಕಿದ್ದನ್ನು ಕಂಡಿದ್ದೇವೆ. ಕಾಗದ ಇದ್ದೂ ಮನೆ ಹೋದವರೂ ಇದ್ದಾರೆ. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲಾ ಕರಾವಳಿಯ ಊರುಗಳು ಎದ್ದುಹೋದಾಗ ಪಹಣಿ ಇದ್ದವರ ಮನೆಯೂ ಉಳಿಯಲಿಲ್ಲ. ಅವರ ಪರಿಹಾರದ ವ್ಯಾಜ್ಯ ಕೋರ್ಟಿನಲ್ಲಿ ಎಳೆದ ಕಾಲದಲ್ಲಿ ತೋಡೂರಿನಂಥ ಪುನರ್ವಸತಿ ಕಾಲೊನಿಗಳಿಗೆ ಪ್ರತಿ ಚುನಾವಣೆಯಲ್ಲೂ ಅದೇ ಭರವಸೆ ಹೋಯಿತು.

ಸ್ವಂತ ಮನೆಯವನೇ ಹೆಚ್ಚು ಜವಾಬ್ದಾರಿಯಿಂದ ಮತಗಟ್ಟೆಗೆ ಬರುತ್ತಾನೆ ಎಂಬ ನಿಮ್ಮ ಮಾತು ಅಮೆರಿಕದ ಮಟ್ಟಿಗೆ ಸರಿ, ಅಲ್ಲಿ ಮನೆ ಕೊಂಡ ಮೇಲೆ ಮತದಾನ ಹೆಚ್ಚುವುದು ದಾಖಲೆಗಳಲ್ಲೇ ಕಂಡಿದೆ. ನಮ್ಮಲ್ಲೂ ಹಾಗೆಯೇ ಎನ್ನಲು ನನಗೆ ಆಧಾರ ಕಂಡಿಲ್ಲ. 

ಇನ್ನು ನಿಮ್ಮ ಕೊನೆಯ ಪ್ರಶ್ನೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 19ನೇ ಕಲಮು ಕೇಳುವುದು ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರಿ ಎಂದು. ಒಂದೂರಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿಯ ನಿವಾಸಿ ಎಂದು ತಿಳಿಯುವಂತಿಲ್ಲ ಎಂದು 20ನೇ ಕಲಮು ಬಿಡಿಸಿ ಹೇಳಿದೆ. ಆ ಲೆಕ್ಕದಲ್ಲಿ ಬೆಂಗಳೂರಿನಲ್ಲೇ ನೆಲೆಸಿ ಊರಿನ ಹಳೇ ಮನೆಯ ಹೆಸರಲ್ಲಿ ಮತ ಉಳಿಸಿಕೊಂಡ ನಮ್ಮ ಮಕ್ಕಳಿಗಿಂತ ನಿಮ್ಮ ಬಿಡಾರದವರೇ ಕುಮಟಾದ ಮತದಾರರು. ಅವರ ಹೆಸರು ಈಗಾಗಲೇ ಕೊಪ್ಪಳದ ಪಟ್ಟಿಯಲ್ಲಿದ್ದರೆ ವಾಸ ಬದಲಾವಣೆಗೆ ಫಾರಂ 8 ತುಂಬಬೇಕು. ಎಲ್ಲಿಯೂ ಇಲ್ಲದಿದ್ದರೆ ಫಾರಂ 6. ನೋಂದಾಯಿತ ಬಾಡಿಗೆ ಕರಾರು ಇದ್ದರೆ ವಿಳಾಸಕ್ಕೆ ಅದು ನಡೆಯುತ್ತದೆ. ಯಾವ ದಾಖಲೆಯೂ ಇಲ್ಲದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್ಒ) ಮನೆಗೆ ಬಂದು ನೋಡಿ ವರದಿ ಕೊಡುತ್ತಾರೆ. ಪಟ್ಟಿಯಲ್ಲಿ ಹೆಸರು ಬಂದರೆ ಬಾಡಿಗೆದಾರನಿಗೆ ನಿಮ್ಮ ಮನೆಯ ಮೇಲೆ ಯಾವ ಮಾಲೀಕತ್ವವೂ ಹುಟ್ಟುವುದಿಲ್ಲ, ಆ ಚಿಂತೆ ಬಿಡಿ. ದಯವಿಟ್ಟು ಕರಾರು ಮಾಡಿಕೊಡಿ. ಆ ಮನೆಯಲ್ಲಿ 18 ತುಂಬಿದ ಮಕ್ಕಳಿದ್ದರೆ ಅವರ ಅರ್ಜಿಯನ್ನೂ ಒಟ್ಟಿಗೇ ಕೊಡಿಸಿಬಿಡಿ. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು ಹೀಗೆ ವರ್ಷಕ್ಕೆ ನಾಲ್ಕು ಸಲ ಅರ್ಹತೆ ಲೆಕ್ಕ ಹಾಕುತ್ತಾರೆ. ಬಿಎಲ್ಒ ಸಾಮಾನ್ಯವಾಗಿ ನಿಮ್ಮ ಕೇರಿಯ ಶಾಲೆಯ ಶಿಕ್ಷಕರೋ ಅಂಗನವಾಡಿಯ ಕಾರ್ಯಕರ್ತೆಯೋ ಆಗಿರುತ್ತಾರೆ. ನಿಮಗೆ ಗೊತ್ತಿರುವವರೇ ಇದ್ದಾರು, ಒಮ್ಮೆ ಮಾತಾಡಿ ನೋಡಿ.

ಸಂಪಾದಕ