ಖಿನ್ನತೆಯ ಗುಳಿಗೆ ಶುರುವಾದ ಮೇಲೆ ನಿದ್ದೆ ಹೋದಾಗ: ಒಂದು ಆಪ್ತಸಲಹೆ ಪ್ರಕರಣ

ಸಿಂಧನೂರು ಕಡೆಯ 34ರ ಗೃಹಿಣಿ; ಗುರುತು ಸಿಗದಂತೆ ವಿವರ ಬದಲಿಸಲಾಗಿದೆ. ಖಿನ್ನತೆಗೆ ಮನೋವೈದ್ಯರು ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಂ ಕೊಟ್ಟು ಒಂದು ವಾರ ದಾಟಿತ್ತು. ರಾತ್ರಿ ಊಟವಾಗಿ ಗುಳಿಗೆ ನುಂಗಿ ಮಾಳಿಗೆ ಮೇಲೆ ಮಲಗಿದರೆ ಎರಡು ಗಂಟೆಯಾದರೂ ಕಣ್ಣು ಹತ್ತದು. “ನಿದ್ದಿ ಗುಳಿಗಿ ಅಂದ್ಕೊಂಡಿದ್ನಿರಿ ಮೇಡಂ, ಇದ್ದ ನಿದ್ದಿನೂ ಹೋತು. ಬಿಟ್ ಬಿಡ್ಲೇನ್ರಿ?”

ಬಿಡಬೇಡಿ ಎಂಬುದೇ ಮೊದಲ ಮಾತು. ಈ ಗುಳಿಗೆ ಕೆಲಸ ಮಾಡುವುದು ಸೆರೊಟೋನಿನ್ ಮೇಲೆ, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕದ ಮೇಲೆ. ಅದು ನಿದ್ದೆ ತರುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಮಿದುಳುಕಾಂಡದ ರಾಫೆ ಕೇಂದ್ರಗಳಲ್ಲಿ ಇದನ್ನು ತಯಾರಿಸುವ ನರಕೋಶಗಳು ಎಚ್ಚರವಿದ್ದಾಗ ಚುರುಕಾಗಿರುತ್ತವೆ, ನಿದ್ದೆ ಹತ್ತಿದಂತೆ ನಿಧಾನವಾಗುತ್ತವೆ, ಕನಸು ಬೀಳುವ ರೆಮ್ ನಿದ್ದೆಯಲ್ಲಿ ಹೆಚ್ಚುಕಡಿಮೆ ಸುಮ್ಮನಾಗುತ್ತವೆ. ನರಕೋಶ ಬಿಟ್ಟ ಸೆರೊಟೋನಿನ್ ಮರಳಿ ಒಳಹೋಗದಂತೆ ಈ ಗುಳಿಗೆ ತಡೆಯುತ್ತದೆ. ಅದರಿಂದ ಮೊದಲ ಒಂದೆರಡು ವಾರ ಕೆಲವರಿಗೆ ನಿದ್ದೆ ತುಂಡಾಗುತ್ತದೆ, ರೆಮ್ ಕಡಿಮೆಯಾಗುತ್ತದೆ. ಮನಸ್ಸು ಹಗುರಾಗಲು 2ರಿಂದ 4 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ತೊಂದರೆ ಮೊದಲು, ಗುಣ ಆಮೇಲೆ. ಜನ ಗುಳಿಗೆ ಬಿಡುವುದು ಈ ನಡುವಿನ ದಿನಗಳಲ್ಲೇ, ಸಂಕಟವಾಗುವುದೂ ಅದಕ್ಕೇ.

ಉಳಿದರ್ಧ ಹೀಗೆ: ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಸೆರೊಟೋನಿನ್‌ನಿಂದಲೇ ಮೈಯನ್ನು ನಿದ್ದೆಗೆ ಸಜ್ಜುಗೊಳಿಸುವ ಮೆಲಟೋನಿನ್ ಹಾರ್ಮೋನ್ ಮಾಡುತ್ತದೆ, ಕಣ್ಣಿಗೆ ಬೆಳಕು ಬಿದ್ದರೆ ಆ ಕೆಲಸ ತಗ್ಗುತ್ತದೆ. ಇವರೋ ನಿದ್ದೆ ಬಾರದ್ದಕ್ಕೆ ಮೊಬೈಲ್ ಹಿಡಿಯುತ್ತಿದ್ದರು. ಮಧ್ಯಾಹ್ನ ಬಿಸಿಲಿಗೆ ಎರಡು ತಾಸು ನಿದ್ದೆ, ಸಂಜೆ ಎರಡು ಸಲ ಚಹಾ. ನೆರೆಯವರ ಮಾತು ಕೇಳಿ ಬಾಳೆಹಣ್ಣೂ ತಿನ್ನುತ್ತಿದ್ದರು. ತಿನ್ನಲಿ, ಆದರೆ ಹಣ್ಣಿನ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ.

ಮನೋವೈದ್ಯರನ್ನು ಫೋನಿನಲ್ಲಿ ಕೇಳಿ ಗುಳಿಗೆಯನ್ನು ಬೆಳಗಿನ ನಾಷ್ಟಾದ ನಂತರಕ್ಕೆ ಬದಲಿಸಲಾಯಿತು. ಆ ರಾತ್ರಿಯದು ಬಿಟ್ಟು ಮರುದಿನ ಬೆಳಿಗ್ಗೆ ಶುರು. ಎರಡನ್ನೂ ಸೇರಿಸಿ ನುಂಗುವಂತಿಲ್ಲ. ಮೈಯಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 30 ತಾಸು ಬೇಕು, ಆದ್ದರಿಂದ 12 ತಾಸು ತಡವಾದರೆ ಅಡ್ಡಿಯಿಲ್ಲ. ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ 5.30ಕ್ಕೆ ಎದ್ದು, ಬೆಳಕು ಹರಿದ ಮೇಲೆ ಅರ್ಧ ತಾಸು ಅಂಗಳದ ಕೆಲಸ. ಮಧ್ಯಾಹ್ನ 20 ನಿಮಿಷಕ್ಕಿಂತ ಹೆಚ್ಚು ನಿದ್ದೆ ಬೇಡ, 2ರ ನಂತರ ಚಹಾ ಬೇಡ. ನಿದ್ದೆ ಬಾರದೆ ಹೊರಳಾಡುವಂತಾದರೆ ಎದ್ದು ಮಂದ ಬೆಳಕಲ್ಲಿ ಕೂತು, ಕಣ್ಣು ಎಳೆದಾಗ ಹಾಸಿಗೆಗೆ.

ಮನೆಯವರಿಗೂ ಹೇಳಿದ್ದಿದೆ. ಟ್ರಮಡಾಲ್ ನೋವಿನ ಗುಳಿಗೆ, ಡೆಕ್ಸ್ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ ವೈದ್ಯರನ್ನು ಕೇಳದೆ ಕೊಡಬಾರದು; ಈ ಗುಳಿಗೆಯ ಜೊತೆ ಸೇರಿದರೆ ಸೆರೊಟೋನಿನ್ ಅತಿಯಾಗಬಹುದು. ಜ್ವರ, ನಡುಕ, ಮೈ ಬಿಗಿತ, ಗಾಬರಿ ಒಟ್ಟಿಗೆ ಕಂಡರೆ ತಕ್ಷಣ ಆಸ್ಪತ್ರೆಗೆ. ನಿದ್ದೆಯಿಲ್ಲದೆಯೂ ದಣಿಯದೆ ವಿಪರೀತ ಮಾತಾಡತೊಡಗಿದರೆ ಅದೇ ದಿನ ಮನೋವೈದ್ಯರ ಬಳಿಗೆ. ಸಾಯುವ ಯೋಚನೆ ಬಂದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆತನ್ನಿ; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ.

ಮೂರನೇ ವಾರಕ್ಕೆ ಹನ್ನೊಂದರ ಸುಮಾರಿಗೆ ನಿದ್ದೆ ಹತ್ತತೊಡಗಿತು. ಗುಳಿಗೆ ಅದೇ 10 ಮಿಲಿಗ್ರಾಂ ಮುಂದುವರಿದಿದೆ. ನಿಲ್ಲಿಸುವಾಗ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ.