ಬೆಂಗಾಜಿ ದಾಳಿಗೆ ಹೊಣೆ ಯಾರು? ಹಿಲರಿ ಕ್ಲಿಂಟನ್ನಾ, ಅಥವಾ ಅದೆಲ್ಲ ಬರೀ ರಾಜಕೀಯವಾ?

ಅಮೆರಿಕದಲ್ಲಿರುವ ನಿಮ್ಮ ಭಾವನವರು ‘ಬೆಂಗಾಜಿಯಲ್ಲಿ ನಾಲ್ಕು ಜನ ಸತ್ತಿದ್ದಕ್ಕೆ ಹಿಲರಿ ಕ್ಲಿಂಟನ್ನೇ ಹೊಣೆ, ಒಬಾಮ ಸರ್ಕಾರ ತಿಪ್ಪೆ ಸಾರಿಸಿತು’ ಅಂತಾರೆ, ನಿಮ್ಮ ಅಕ್ಕನ ಮಗಳು ‘ಅದೆಲ್ಲ ರಿಪಬ್ಲಿಕನ್ನರು ಕಟ್ಟಿದ ಕಥೆ’ ಅಂತಾಳೆ ಎಂದು ಬರೆದಿದ್ದೀರಿ. ಇಬ್ಬರಲ್ಲಿ ಯಾರು ಸರಿ ಎನ್ನುವುದು ನಿಮ್ಮ ಪ್ರಶ್ನೆ. ದಾಳಿ ನಡೆದಾಗ ಕ್ಲಿಂಟನ್, ಡೆಮಾಕ್ರಾಟರಾದ ಒಬಾಮ ಅವರ ಸರ್ಕಾರದಲ್ಲಿ ವಿದೇಶಾಂಗ ಸಚಿವೆಯಾಗಿದ್ದರು.

ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಇಬ್ಬರೂ ದಾಳಿಯ ನಂತರದ ಮಾತುಗಳ ಬಗ್ಗೆ ಜಗಳವಾಡುತ್ತಿದ್ದಾರೆ. ನನಗೆ ದೊಡ್ಡದಾಗಿ ಕಾಣುವುದು ದಾಳಿಗೆ ಮುಂಚಿನ ತಿಂಗಳುಗಳು. ಕಾವಲು ಹೆಚ್ಚಿಸಿ ಎಂದು ಮತ್ತೆ ಮತ್ತೆ ಕೇಳಿದರೂ ಯಾಕೆ ಕೊಡಲಿಲ್ಲ? ಬೇಡ ಎಂದವರು ಯಾರು? ಈ ಪ್ರಶ್ನೆಗೆ ಉತ್ತರ 2012ರ ಡಿಸೆಂಬರ್‌ನಲ್ಲೇ ಸಿಕ್ಕಿತ್ತು. ಎರಡೂ ಪಕ್ಷಗಳು ಅದನ್ನು ದಾಟಿಕೊಂಡು ಮುಂದೆ ಹೋದವು.

ಮೊದಲು ಆ ರಾತ್ರಿ ಏನಾಯಿತು ಹೇಳುತ್ತೇನೆ. 2012ರ ಸೆಪ್ಟೆಂಬರ್ 11, ಲಿಬಿಯಾದ ಬೆಂಗಾಜಿ. ರಾತ್ರಿ ಸುಮಾರು 9:40ಕ್ಕೆ ಬಂದೂಕು ಹಿಡಿದವರು ಅಮೆರಿಕದ ಕಚೇರಿಯ ಗೇಟಿನೊಳಗೆ ನುಗ್ಗಿದರು. ಒಳಗಿದ್ದ ಅಮೆರಿಕನ್ ಭದ್ರತಾ ಅಧಿಕಾರಿಗಳು ಐದೇ ಜನ. ನುಗ್ಗಿದವರು ಡೀಸೆಲ್ ಸುರಿದು ಬೆಂಕಿ ಹಚ್ಚಿದರು. ರಾಯಭಾರಿ ಕ್ರಿಸ್ ಸ್ಟೀವನ್ಸ್ ಮತ್ತು ಕಂಪ್ಯೂಟರ್, ಸಂಪರ್ಕದ ಕೆಲಸ ನೋಡುತ್ತಿದ್ದ ಶಾನ್ ಸ್ಮಿತ್, ಒಬ್ಬ ಭದ್ರತಾ ಅಧಿಕಾರಿಯ ಜೊತೆ ಮನೆಯೊಳಗಿನ ಕಬ್ಬಿಣದ ಬಾಗಿಲಿನ ಭಾಗಕ್ಕೆ ಸೇರಿಕೊಂಡರು. ಗುಂಡು ಅಲ್ಲಿಗೆ ತಲುಪಲಿಲ್ಲ, ಹೊಗೆ ತಲುಪಿತು. ಆ ಅಧಿಕಾರಿ ಕಿಟಕಿಯಿಂದ ಹೊರಬಿದ್ದು ನೋಡಿದರೆ ಹಿಂದೆ ಇಬ್ಬರೂ ಇಲ್ಲ. ಮತ್ತೆ ಮತ್ತೆ ಒಳಗೆ ಹೋಗಿ ತಡಕಾಡಿದರು, ಸಿಗಲಿಲ್ಲ. ಸ್ಟೀವನ್ಸ್ ಅವರನ್ನು ಆಮೇಲೆ ಲಿಬಿಯಾದ ಜನರೇ ಕಂಡು ಆಸ್ಪತ್ರೆಗೆ ಹೊತ್ತೊಯ್ದರು. ಬೆಳಗಿನ ಜಾವ ಅದೇ ಊರಿನಲ್ಲಿದ್ದ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ನೆಲೆಯ ಮೇಲೆ ಮಾರ್ಟರ್ ಬಿತ್ತು. ಅಲ್ಲಿ ಟೈರೋನ್ ವುಡ್ಸ್ ಮತ್ತು ಗ್ಲೆನ್ ಡೊಹರ್ಟಿ ಸತ್ತರು. ಡೊಹರ್ಟಿ ನೆರವಿಗೆಂದು ಅದೇ ರಾತ್ರಿ ರಾಜಧಾನಿ ಟ್ರಿಪೋಲಿಯಿಂದ ಬಂದವರು.

ಸ್ಮಿತ್ ‘ಈವ್ ಆನ್‌ಲೈನ್’ ಎಂಬ ಕಂಪ್ಯೂಟರ್ ಆಟದಲ್ಲಿ ಹೆಸರು ಮಾಡಿದ ಆಟಗಾರ. ದಾಳಿಗೆ ಮುಂಚೆ, ಅದೇ ದಿನ, ಆಟದ ಗೆಳೆಯನಿಗೆ ಟೈಪ್ ಮಾಡಿದ್ದರು: ಈ ರಾತ್ರಿ ಸಾಯದಿದ್ದರೆ ಆಮೇಲೆ ಸಿಗೋಣ, ನಮ್ಮನ್ನು ಕಾಯುವ ಪೊಲೀಸನೊಬ್ಬ ಕಾಂಪೌಂಡಿನ ಫೋಟೋ ತೆಗೆಯುತ್ತಿದ್ದ ಅಂತ. ಅಪಾಯ ಇದೆ ಎನ್ನುವುದು ಅಲ್ಲಿದ್ದವರಿಗೆ ಗೊತ್ತಿತ್ತು.

ವಾಷಿಂಗ್ಟನ್‌ಗೂ ಗೊತ್ತಿರಬೇಕಿತ್ತು. ಜೂನ್ 6ರಂದು ಇದೇ ಕಚೇರಿಯ ಗೋಡೆಗೆ ಬಾಂಬ್ ಇಟ್ಟು ತೂತು ಮಾಡಿದ್ದರು. ಐದೇ ದಿನದಲ್ಲಿ ಬ್ರಿಟಿಷ್ ರಾಯಭಾರಿಯ ಕಾರುಗಳ ಮೇಲೆ ರಾಕೆಟ್ ದಾಳಿ ಆಯಿತು. ಬ್ರಿಟಿಷರು ಬೆಂಗಾಜಿಯಿಂದ ಗಂಟುಮೂಟೆ ಕಟ್ಟಿದರು. ಅಮೆರಿಕದವರು ಉಳಿದರು, ಆದರೆ ಕಾವಲು ಹೆಚ್ಚಲಿಲ್ಲ. ಟ್ರಿಪೋಲಿಯಲ್ಲಿದ್ದ 16 ಜನರ ಸೇನಾ ಭದ್ರತಾ ತಂಡವೂ ಆಗಸ್ಟ್‌ನಲ್ಲಿ ಹೊರಟುಹೋಯಿತು. ಬೆಂಗಾಜಿಯದು ರಾಯಭಾರ ಕಚೇರಿಯೂ ಅಲ್ಲ, ಕಾನ್ಸುಲೇಟೂ ಅಲ್ಲ, ‘ತಾತ್ಕಾಲಿಕ’ ಬಾಡಿಗೆ ಜಾಗ. ಇಂಥ ಜಾಗಕ್ಕೆ ಭದ್ರತೆಯ ದುಡ್ಡು, ಜನ ಸಿಗುವುದು ಕಷ್ಟ. ತಾತ್ಕಾಲಿಕ ಎಂಬ ಹಣೆಪಟ್ಟಿಯಲ್ಲೇ ಅದರ ಅವಧಿಯನ್ನು ಇನ್ನೊಂದು ವರ್ಷ ಬೇರೆ ಎಳೆದಿದ್ದರು.

ಲಿಬಿಯಾದಲ್ಲಿ ಭದ್ರತೆ ನೋಡುತ್ತಿದ್ದ ಎರಿಕ್ ನಾರ್ಡ್‌ಸ್ಟ್ರಮ್ ಅಕ್ಟೋಬರ್ 10ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಕೂತು, ತನಗೆ ಜಾಸ್ತಿ ಹತಾಶೆ ತಂದದ್ದು ಸ್ವಂತ ಇಲಾಖೆಯ ಜೊತೆಗಿನ ಗುದ್ದಾಟ ಎಂದರು. ಭದ್ರತೆಯ ದುಡ್ಡನ್ನು ರಿಪಬ್ಲಿಕನ್ನರೇ ಕತ್ತರಿಸಿದ್ದು ಎಂದು ಡೆಮಾಕ್ರಾಟರು ಹೇಳುತ್ತಿದ್ದರು ನೋಡಿ, ಅದಕ್ಕೂ ಅಂದೇ ಉತ್ತರ ಬಂತು. ದುಡ್ಡಿಲ್ಲ ಅಂತ ಕಾವಲು ಹೆಚ್ಚಿಸದ ತೀರ್ಮಾನ ಆಯಿತಾ ಎಂದು ಇಲಾಖೆಯ ಅಧಿಕಾರಿ ಶಾರ್ಲೀನ್ ಲ್ಯಾಂಬ್ ಅವರನ್ನು ಕೇಳಿದಾಗ, ಇಲ್ಲ ಎಂದರು.

ಹಾಗಾದರೆ ಕ್ಲಿಂಟನ್? ವಿದೇಶಾಂಗ ಇಲಾಖೆಯಿಂದ ಹೊರಡುವ ಪ್ರತಿ ಕೇಬಲ್ ಸಂದೇಶದ ಕೆಳಗೂ ಸಚಿವರ ಹೆಸರು ಇರುತ್ತದೆ. ಅದು ಅಲ್ಲಿನ ವಾಡಿಕೆ, ಅವರು ಓದಿದ್ದಾರೆ ಎಂಬುದಕ್ಕೆ ಸಾಕ್ಷಿಯಲ್ಲ. ‘ಕ್ಲಿಂಟನ್ ಸಹಿ ಹಾಕಿ ಕಾವಲು ಬೇಡ ಎಂದರು’ ಎಂಬ ಮಾತು ಅಷ್ಟು ವರ್ಷ ಓಡಿದ್ದು ಇದರ ಮೇಲೆಯೇ. ಕೋರಿಕೆಗಳು ತನ್ನವರೆಗೆ ಬರಲಿಲ್ಲ ಎಂದು ಅವರು ಹೇಳಿದರು. ನಿಜವೇ ಇರಬಹುದು. ಆದರೆ ಅಷ್ಟು ಅಪಾಯದ ಊರಿನ ಕಾವಲಿನ ವಿಷಯ ಸಚಿವರ ಮೇಜಿಗೆ ಬರಲಿಲ್ಲ ಎನ್ನುವುದು ಸಮರ್ಥನೆ ಹೇಗಾಗುತ್ತದೆ? ನನಗೆ ಅದೇ ದೋಷ ಅನಿಸುತ್ತದೆ.

ಥಾಮಸ್ ಪಿಕರಿಂಗ್ ಮತ್ತು ಅಡ್ಮಿರಲ್ ಮೈಕ್ ಮಲನ್ ನೇತೃತ್ವದ ಪರಿಶೀಲನಾ ಮಂಡಳಿ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಭದ್ರತೆ ತೀರಾ ಸಾಲದಾಗಿತ್ತು, ಇಲಾಖೆಯ ಎರಡು ವಿಭಾಗಗಳ ಮೇಲಿನ ಹಂತದ ನಾಯಕತ್ವ ಸೋತಿತ್ತು ಎಂದಿತು. ಆದರೆ ಯಾರೂ ಕರ್ತವ್ಯಲೋಪ ಮಾಡಿಲ್ಲ ಎಂದು ಶಿಸ್ತುಕ್ರಮ ಶಿಫಾರಸು ಮಾಡಲಿಲ್ಲ. ನಾಲ್ವರನ್ನು ರಜೆಯ ಮೇಲೆ ಕಳಿಸಿದರು. ಮುಂದಿನ ಆಗಸ್ಟ್‌ನಲ್ಲಿ ಹೊಸ ಸಚಿವ ಜಾನ್ ಕೆರಿ ಅವರು ಆ ನಾಲ್ವರೂ ಬೇರೆ ಹುದ್ದೆಗಳಿಗೆ ಮರಳಬಹುದು ಎಂದರು. ‘ಹೊಣೆ ನನ್ನದು’ ಎಂದು ಕ್ಲಿಂಟನ್ 2012ರ ಅಕ್ಟೋಬರ್‌ನಲ್ಲೇ ಟಿವಿಯಲ್ಲಿ ಹೇಳಿದ್ದರು. ಯಾರ ಕೆಲಸವೂ ಹೋಗಲಿಲ್ಲ. ನಿಜವಾಗಿ ಸಿಟ್ಟು ಬರಬೇಕಾದದ್ದು ಇಲ್ಲಿ, ಅಲ್ವಾ?

ಸಿಟ್ಟೆಲ್ಲ ಹೋದದ್ದು ಆಗ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಸೂಸನ್ ರೈಸ್ ಕಡೆಗೆ. ಸೆಪ್ಟೆಂಬರ್ 16ರ ಭಾನುವಾರ ಐದು ಟಿವಿ ಕಾರ್ಯಕ್ರಮಗಳಲ್ಲಿ ಅವರು, ಇಸ್ಲಾಂ ಅನ್ನು ಹೀಯಾಳಿಸಿದ ಒಂದು ವಿಡಿಯೋದ ವಿರುದ್ಧ ಕೈರೋದಲ್ಲಾದ ಪ್ರತಿಭಟನೆಯಂತೆ ಬೆಂಗಾಜಿಯಲ್ಲೂ ಶುರುವಾಗಿ ಹೀಗಾಯಿತು ಎಂದರು. ಬೆಂಗಾಜಿಯಲ್ಲಿ ಅಂದು ಪ್ರತಿಭಟನೆಯೇ ನಡೆದಿರಲಿಲ್ಲ. ಪ್ರತಿಭಟನೆಯ ಮಾತನ್ನು ರೈಸ್ ತೆಗೆದುಕೊಂಡದ್ದು ಸಿಐಎ ಬರೆದುಕೊಟ್ಟ ಟಿಪ್ಪಣಿಯಿಂದ, ಆ ಸಾಲು ಅದರ ಮೊದಲ ಕರಡಿನಲ್ಲೇ ಇತ್ತು. ಹಾಗಾಗಿ ಶ್ವೇತಭವನ ಕೂತು ಸುಳ್ಳು ಹೆಣೆಯಿತು ಎನ್ನುವುದು ನಿಲ್ಲುವುದಿಲ್ಲ. ಆದರೆ ಆ ಟಿಪ್ಪಣಿಯ ಕರಡುಗಳಲ್ಲಿ ಅನ್ಸಾರ್ ಅಲ್ ಶರಿಯಾ ಎಂಬ ಲಿಬಿಯಾದ ಉಗ್ರರ ಗುಂಪಿನ ಹೆಸರು, ಮುಂಚಿನ ಎಚ್ಚರಿಕೆಗಳ ಪ್ರಸ್ತಾಪ ಇದ್ದವು. ಇದನ್ನು ಹಿಡಿದು ಕಾಂಗ್ರೆಸ್ ಸದಸ್ಯರು ನಮ್ಮ ಇಲಾಖೆಯ ಮೇಲೆ ಬೀಳುತ್ತಾರೆ ಎಂದು ವಿದೇಶಾಂಗ ಇಲಾಖೆಯ ವಕ್ತಾರೆ ಇಮೇಲ್‌ನಲ್ಲಿ ಆಕ್ಷೇಪ ಎತ್ತಿದರು. ಕೊನೆಗೆ ಎರಡೂ ಹೋದವು. ಇನ್ನು ಕ್ಲಿಂಟನ್ ಆ ರಾತ್ರಿಯೇ ಮಗಳಿಗೆ ಇಮೇಲ್ ಬರೆದು, ಇದು ಅಲ್ ಖೈದಾದಂಥ ಗುಂಪಿನ ಕೆಲಸ ಎಂದಿದ್ದರು. ಮರುದಿನ ಈಜಿಪ್ಟಿನ ಪ್ರಧಾನಿಗೆ, ಇದು ಪ್ರತಿಭಟನೆಯಲ್ಲ, ಯೋಜಿಸಿ ಮಾಡಿದ ದಾಳಿ ಎಂದರು. ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ನಿಮ್ಮ ಭಾವನವರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಮೇಲಿನವರು ಜನರೊಡನೆ ಅಷ್ಟೇ ಬಿಚ್ಚಿ ಮಾತಾಡಬೇಕಿತ್ತು.

ಇನ್ನು ನಿಮ್ಮ ಅಕ್ಕನ ಮಗಳ ಮಾತು. ‘ನೆರವಿಗೆ ಹೋಗಬೇಡಿ ಎಂದು ಮೇಲಿನಿಂದ ಆದೇಶ ಬಂತು’ ಎಂಬ ಆರೋಪಕ್ಕೆ ಆಧಾರವಿಲ್ಲ ಎಂದು 2014ರ ನವೆಂಬರ್‌ನಲ್ಲಿ ಹೇಳಿದ್ದು ರಿಪಬ್ಲಿಕನ್ನರ ಹಿಡಿತದಲ್ಲಿದ್ದ ಕೆಳಮನೆಯ ಗುಪ್ತಚರ ಸಮಿತಿಯೇ. ಅಷ್ಟರಲ್ಲಿ ಟ್ರೇ ಗೌಡಿ ನೇತೃತ್ವದ ಇನ್ನೊಂದು ವಿಶೇಷ ಸಮಿತಿ ಹುಟ್ಟಿಕೊಂಡಿತ್ತು. 2015ರ ಸೆಪ್ಟೆಂಬರ್‌ನಲ್ಲಿ ರಿಪಬ್ಲಿಕನ್ ನಾಯಕ ಕೆವಿನ್ ಮೆಕಾರ್ಥಿ ಬಾಯಿಬಿಟ್ಟೇ ಹೇಳಿದರು: ಈ ಸಮಿತಿ ಮಾಡಿದ್ದರಿಂದಲೇ ಹಿಲರಿಯ ಜನಪ್ರಿಯತೆ ಇಳಿಯುತ್ತಿದೆ ಅಂತ. ಸತ್ತವರ ಹೆಸರಿನಲ್ಲಿ ಬೇಳೆ ಬೇಯಿಸಿಕೊಂಡದ್ದು ಇದು. ಅಕ್ಟೋಬರ್ 22ರಂದು ಕ್ಲಿಂಟನ್ ಅವರನ್ನು 11 ಗಂಟೆ ಕೂರಿಸಿದರು. ಆ ಹೊತ್ತಿನಲ್ಲಿ ಒಂದು ದೊಡ್ಡ ಪಾಲು, ಅವರ ಗೆಳೆಯ ಸಿಡ್ನಿ ಬ್ಲುಮೆಂಥಾಲ್ ಕಳಿಸಿದ ಇಮೇಲ್‌ಗಳಿಗೇ ಹೋಯಿತು. ಆತನ ಹೇಳಿಕೆಯನ್ನು ಪ್ರಕಟಿಸಬೇಕೋ ಬೇಡವೋ ಎಂದು ಗೌಡಿ ಮತ್ತು ಡೆಮಾಕ್ರಾಟ್ ಎಲೈಜಾ ಕಮಿಂಗ್ಸ್ ಕೂಗಾಡುತ್ತಿದ್ದರೆ, ಕ್ಲಿಂಟನ್ ಸುಮ್ಮನೆ ಕೂತು ನೋಡುತ್ತಿದ್ದರು. ಆ ಕಿತ್ತಾಟದಲ್ಲಿ ಬೆಂಗಾಜಿಯ ಕಾವಲಿನ ಮಾತೇ ಇರಲಿಲ್ಲ.

ಡೆಮಾಕ್ರಾಟರಿಗೂ ಇದರಿಂದ ಲಾಭವಾಯಿತು. ಎದುರಿನವರು ಅತಿಗೆ ಹೋದಷ್ಟೂ, ‘ಎಲ್ಲ ರಾಜಕೀಯ’ ಎಂದು ಹೇಳಿ ಪರಿಶೀಲನಾ ಮಂಡಳಿಯ ಮಾತನ್ನೂ ಮರೆಸುವುದು ಸುಲಭವಾಯಿತು. ಅವರು ಪದೇ ಪದೇ ಎತ್ತಿದ್ದು ಲೆಬನಾನಿನ ಬೈರೂತ್ ಉದಾಹರಣೆ. 1983ರ ಅಕ್ಟೋಬರ್‌ನಲ್ಲಿ ಅಲ್ಲಿ ಬಾಂಬ್ ಸಿಡಿದು 241 ಅಮೆರಿಕನ್ ಸೈನಿಕರು ಸತ್ತರು, ಆಗ ಕೆಳಮನೆ ಡೆಮಾಕ್ರಾಟರ ಕೈಯಲ್ಲಿತ್ತು, ಆದರೂ ಆಗಿನ ರಿಪಬ್ಲಿಕನ್ ಅಧ್ಯಕ್ಷ ರೇಗನ್ ಅವರನ್ನು ಹೀಗೆ ಕಾಡಲಿಲ್ಲ ಎನ್ನುತ್ತಾರೆ. ಹೋಲಿಕೆ ನಿಜ. ಆದರೆ ಅದರ ಉಳಿದರ್ಧವನ್ನೂ ಹೇಳಬೇಕು. ಆಗಲೂ ತನಿಖೆ ನಡೆಯಿತು, ರೇಗನ್ ತಪ್ಪನ್ನು ತನ್ನ ಮೇಲೆ ಹಾಕಿಕೊಂಡರು. ಬೈರೂತ್‌ನ ದಾಳಿಗಳ ನಂತರ 1986ರಲ್ಲಿ ರಾಯಭಾರ ಕಚೇರಿಗಳ ಭದ್ರತೆಗೆಂದೇ ಒಂದು ಕಾನೂನು ಬಂತು. ಬೆಂಗಾಜಿಯ ಪರಿಶೀಲನಾ ಮಂಡಳಿ ನೇಮಕವಾದದ್ದೂ ಅದೇ ಕಾನೂನಿನಡಿ.

ಸತ್ತವರ ಮನೆಯವರಲ್ಲೂ ಒಂದೇ ಮಾತಿಲ್ಲ. ಸ್ಮಿತ್ ಅವರ ತಾಯಿ 2016ರಲ್ಲಿ ರಿಪಬ್ಲಿಕನ್ ಸಮಾವೇಶದಲ್ಲಿ ನಿಂತು ಕ್ಲಿಂಟನ್ ಮೇಲೆ ನೇರ ಆರೋಪ ಹೊರಿಸಿದರು. ಅದೇ ವರ್ಷ ಸ್ಟೀವನ್ಸ್ ಅವರ ತಂಗಿ, ಕ್ಲಿಂಟನ್ ಮೇಲೆ ತಪ್ಪು ಹೊರಿಸುವುದಿಲ್ಲ ಎಂದರು. ಇಬ್ಬರ ನೋವೂ ನಿಜ. ಒಬ್ಬರ ನೋವನ್ನು ತೋರಿಸಿ ಇನ್ನೊಬ್ಬರ ಬಾಯಿ ಮುಚ್ಚಿಸುವುದು ಮಾತ್ರ ನನಗೆ ಸಹಿಸಲಾಗದು.

ಹಾಗಾಗಿ ನನ್ನ ಉತ್ತರ: ಕೊಂದವರು ದಾಳಿಕೋರರು. ಅವರಲ್ಲಿ ಅಹ್ಮದ್ ಅಬು ಖತಾಲಾನನ್ನು 2014ರಲ್ಲಿ ಹಿಡಿದರು, ಕೊಲೆ ಆರೋಪಗಳಿಂದ ಖುಲಾಸೆಯಾಗಿ ಬೇರೆ ಅಪರಾಧಗಳಿಗೆ 2018ರಲ್ಲಿ 22 ವರ್ಷ ಜೈಲಾಯಿತು, 2024ರಲ್ಲಿ ಅದನ್ನು 28 ವರ್ಷಕ್ಕೆ ಏರಿಸಿದರು. ಕಾವಲು ಕೊಡದೆ ಬಿಟ್ಟದ್ದು ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿಗಳು, ಅದರ ರಾಜಕೀಯ ಹೊಣೆ ಕ್ಲಿಂಟನ್ ಅವರದು. ಬೇಕಂತಲೇ ಸಾಯಲು ಬಿಟ್ಟರು ಎನ್ನುವುದಕ್ಕೆ ಆಧಾರವಿಲ್ಲ. ಗೌಡಿ ಸಮಿತಿಯ ವರದಿ 800 ಪುಟ. ಪಿಕರಿಂಗ್ ಮಂಡಳಿಯ ಬಹಿರಂಗ ವರದಿ 39 ಪುಟ ಅಷ್ಟೇ. ಇಬ್ಬರಿಗೂ ಆ 39 ಪುಟ ಕಳಿಸಿ, ಜೂನ್ ತಿಂಗಳ ಘಟನೆಗಳಿಂದ ಓದಲು ಹೇಳಿ.